ಸೀಟು ಸರಿಹೋಯಿತು, ಅಪ್ಪಾ

ಮಸ್ಕಿಯ ಸೈಕಲ್ ಅಂಗಡಿಯ ಅಪ್ಪನಿಗೆ, ಸಿಂಧನೂರಿನಿಂದ ಹಿರಿಮಗಳು ಮಾಡುವ ನಮಸ್ಕಾರಗಳು.

ಕಳೆದ ಭಾನುವಾರ ನಸುಕಿನಲ್ಲಿ ಸೈಕಲ್ ಹತ್ತಿ ಸಿಂಧನೂರು ಬಿಟ್ಟೆ. ಮಸ್ಕಿ ದಾಟಿ, ಲಿಂಗಸುಗೂರು ಮುಟ್ಟಿ, ಮಧ್ಯಾಹ್ನದ ಊಟಕ್ಕೆ ಮತ್ತೆ ಮಸ್ಕಿಗೆ ಅವ್ವನ ಹತ್ತಿರ ಬಂದೆ. ಇಳಿದವಳು ಕುಂಟಲಿಲ್ಲ, ಗೋಡೆ ಹಿಡಿಯಲಿಲ್ಲ, ದಿಂಬು ಕೇಳಲಿಲ್ಲ. ಸೀದಾ ಹೋಗಿ ಕಟ್ಟೆಯ ಕಲ್ಲಿನ ಮೇಲೆ ಕೂತು ಮೂರು ರೊಟ್ಟಿ ತಿಂದೆ. ಇದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಆದರೆ ನಿನಗೆ ಹೇಳಬೇಕೆಂದರೆ ನಾನು ಹೇಳಿದ್ದ ಒಂದು ಸುಳ್ಳಿನಿಂದಲೇ ಶುರು ಮಾಡಬೇಕು.

ರಾಯಚೂರಿನವರೊಬ್ಬರು ಓಡಿಸಿ ಬಿಟ್ಟಿದ್ದ ರೇಸ್ ಸೈಕಲ್ಲನ್ನು ತಂದು ನಿನ್ನ ಅಂಗಡಿ ಮುಂದೆ ಇಳಿಸಿದ ದಿನ ನೆನಪಿದೆಯಾ? ನನಗೆ ಸಕ್ಕರೆ ಅಂಚಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿ ಆಗ ಒಂದು ತಿಂಗಳಾಗಿತ್ತು. ಸುಮ್ಮನೆ ನಡೆಯುವುದೆಂದರೆ ನನಗೆ ಬೇಸರ. ಸೈಕಲ್ಲಾದರೆ ಅದರ ಮಧ್ಯೆಯೇ ಬೆಳೆದವಳು. ನೀನು ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ನನ್ನನ್ನು ಸೈಕಲ್ ಮೇಲೆ ಕೂರಿಸಿ, ಗೋಡೆ ಹಿಡಿಯಲು ಹೇಳಿ, ದಾರದ ತುದಿಗೆ ನಟ್ಟು ಕಟ್ಟಿ ಮೊಣಕಾಲಿನಿಂದ ಪೆಡಲ್‌ಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದೆ. "ನಿನ್ನ ಅಳತಿಗೆ ಕೂಡಸೀನಿ ನೋಡವ್ವ. ಇನ್ನ ಹಟ್ಟಿತನಕ ಹೋಗ್ತೀಯೋ, ಹಂಪಿತನಕ ಹೋಗ್ತೀಯೋ, ನಿನಗ ಬಿಟ್ಟಿದ್ದು" ಎಂದಿದ್ದೆ ನೀನು. ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ನೀನು ಆ ಸೈಕಲ್ ತೋರಿಸುತ್ತಿದ್ದೆಯಂತೆ, ತಮ್ಮ ಬಸು ಆಮೇಲೆ ಹೇಳಿದ.

ಮೂರನೇ ಭಾನುವಾರ ನಿನ್ನ ಅಂಗಡಿಗೆ ಬಂದು ತಲುಪುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸೀಟು ತಾಗುವ ಜಾಗ ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು. ಕಾಲುವೆಯ ಸೇತುವೆ ಬಂದಾಗಲೆಲ್ಲ ಇಳಿದು, ಗದ್ದೆ ನೋಡುವವಳ ಹಾಗೆ ನಿಂತಿದ್ದೆ. ನೀನು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಓಡಿ ಬಂದೆ.

"ಎಲ್ಲಿ ನೋಯಾಕತ್ತೈತೆವ್ವ?"

"ಸೊಂಟ, ಅಪ್ಪಾ."

ಯಾಕೆ ಹಾಗೆ ಹೇಳಿದೆ? ಹತ್ತನೇ ತರಗತಿಯವರಿಗೆ ವಿಜ್ಞಾನ ಕಲಿಸುವವಳು ನಾನು. ಮನುಷ್ಯನ ಮೈಯ ಯಾವ ಭಾಗದ ಹೆಸರನ್ನಾದರೂ ಅರವತ್ತು ಮಕ್ಕಳ ಮುಂದೆ ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ಅಪ್ಪನ ಮುಂದೆ ನಿಂತು, ಇಂಥಲ್ಲಿ ನೋಯುತ್ತದೆ ಅಂತ... ನಾಲಿಗೆ ಹೊರಳಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಲ್ಲಿ ನೋವಾದರೂ ಅದು ಸೊಂಟನೋವೇ ಅಲ್ಲವೇ?

ಅವತ್ತೇ ನೀನು ಹ್ಯಾಂಡಲ್ ಎತ್ತರಿಸಿದೆ. "ಬಾಗಿ ಬಾಗಿ ಸೊಂಟ ಹಿಡದೈತಿ" ಎಂದೆ. ಮುಂದಿನ ವಾರ ಇನ್ನೊಂದು ಬೆರಳು ಎತ್ತರಿಸಿದೆ. ಸೊಂಟಕ್ಕೆ ಕಟ್ಟುವ ಪಟ್ಟಿ ತಂದೆ, ಯಾರೋ ಹೇಳಿದ ಎಣ್ಣೆ ತಂದೆ. ಹ್ಯಾಂಡಲ್ ಮೇಲೇರಿದಷ್ಟೂ ನನ್ನ ಭಾರವೆಲ್ಲ ಹಿಂದಕ್ಕೆ, ಸೀಟಿನ ಮೇಲೆಯೇ ಬೀಳುತ್ತಿತ್ತು. ನೋವು ಇಮ್ಮಡಿಯಾಯಿತು. ನಾನು ನಿನಗೆ ಗೊತ್ತಾಗದ ಹಾಗೆ ಸಿಂಧನೂರಿನಲ್ಲಿ ಮೆತ್ತನೆಯ ಕವರ್ ಕೊಂಡು ಹಾಕಿದೆ, ಅದರ ಕೆಳಗೆ ಸ್ಪಾಂಜ್ ತುರುಕಿದೆ. ಮಸ್ಕಿ ಊರು ಕಂಡ ಕೂಡಲೇ ಎಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಎಂಥ ಹುಚ್ಚಿ ನಾನು.

ನೀನು ಆಸ್ಪತ್ರೆ ಸೇರುವ ಹಿಂದಿನ ದಿನವೂ ನನ್ನ ಸೈಕಲ್ಲಿನ ಮುಂದೆಯೇ ಕೂತಿದ್ದೆಯಂತೆ. "ಊರ ಮಂದಿ ಸೈಕಲ್ ಎಲ್ಲಾ ಸರಿ ಮಾಡೀನಿ. ಮಗಳ ಸೈಕಲ್ ಒಂದ ನನ್ನ ಕೈಗೆ ಬಗ್ಗಲಿಲ್ಲ ನೋಡೋ" ಎಂದು ಬಸುಗೆ ಹೇಳಿದ್ದೆಯಂತೆ. ಅದನ್ನು ಅವನು ನಿನ್ನ ದಿನಕರ್ಮ ಮುಗಿದ ಮೇಲೆ ನನಗೆ ಹೇಳಿದ. ಆಮೇಲೆ ಒಂದು ವರ್ಷ ಆ ಸೈಕಲ್ಲಿಗೆ ಹಳೆ ಚಾದರ ಹೊದಿಸಿ ಗೋಡೆಗೆ ನಿಲ್ಲಿಸಿಬಿಟ್ಟೆ. ನನ್ನ ಒಂದು ಸುಳ್ಳಿಗೆ ನೀನು ನಿನ್ನ ಕೈಯನ್ನೇ ಬೈದುಕೊಂಡು ಹೋದೆಯಲ್ಲ...

ಈ ವರ್ಷ ಶಾಲೆ ಶುರುವಾದ ಮೇಲೆ ಒಂದು ದಿನ ಬಿಸಿಯೂಟದ ಅಡಿಗೆಮನೆಗೆ ಹೋಗಿದ್ದೆ. ಅಲ್ಲಿ ಅಡಿಗೆ ಮಾಡುವ ಶೆಫಾಲಿ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವಳು. ಮಳೆಯಿರಲಿ, ಬಿಸಿಲಿರಲಿ, ದಿನವೂ ಸೈಕಲ್ ಮೇಲೆಯೇ ಬರುತ್ತಾಳೆ. "ಟೀಚರ್, ನಿಮ್ಮ ಸೈಕಲ್ ಯಾಕ ಬಿಟ್ರಿ?" ಎಂದಳು. ಸೊಂಟನೋವು ಎಂದೆ. ಅವಳು ಸೌಟು ಹಿಡಿದುಕೊಂಡೇ ನಕ್ಕಳು.

"ಸೊಂಟ ಅಲ್ರಿ, ಸೀಟು. ನನಗೂ ಆಗಿತ್ತು. ಮೆತ್ತನ ಸೀಟು ಹಾಕೀರೇನು?"

ಹೌದು ಎಂದು ತಲೆಯಾಡಿಸಿದೆ.

"ತೆಗದ ಒಗೀರಿ ಅದನ್ನ. ಮೆತ್ತಗ ಇದ್ರ ಒಳಗ ಮುಳಗತೀರಿ, ಮುಳಗಿದ್ರ ನಡುವಿನ ಜಾಗ ಒತ್ತತೈತಿ. ಕುಂಡ್ರೋ ಎಲುಬು ಎರಡೂ ಸೀಟಿನ ಮ್ಯಾಲೆ ಬರಬೇಕ್ರಿ."

ಇಷ್ಟು ದಿನ ನಾನು ಬಾಯಿ ಬಿಡದ ಮಾತನ್ನು ಅವಳು ಬೇಳೆ ಬೇಯುವ ಹೊತ್ತಿನಲ್ಲಿ ಹೇಳಿ ಮುಗಿಸಿದಳು. ನಾನು ಅಲ್ಲೇ ಅಕ್ಕಿ ಚೀಲದ ಮೇಲೆ ಕೂತುಬಿಟ್ಟೆ.

ಆ ಶನಿವಾರ ಸೈಕಲ್ಲನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಮಸ್ಕಿಗೆ ಹೋದೆ. ಬಸುವಿಗೆ ಹೇಳುವಾಗ ಅವನ ಮುಖ ನೋಡದೆ ಟೈರ್ ನೋಡಿಕೊಂಡು ಹೇಳಿದೆ. "ಅಕ್ಕಾ, ಇಷ್ಟ ಹೇಳಾಕ ಇಷ್ಟ ದಿನ ಬೇಕಾತೇನು?" ಎಂದ ಅವನು. ದಿನವೆಲ್ಲ ಸೈಕಲ್ ಮೇಲಿರುವ ಹಾಲು ಹಾಕುವವರಿಗೆ ನೀನು ಮಾಡುತ್ತಿದ್ದ ಸೀಟಿನ ಅಳತೆ ಅವನಿಗೆ ಬರುತ್ತದೆ. ರಟ್ಟಿನ ಡಬ್ಬಿಯ ತುಂಡೊಂದನ್ನು ಕಲ್ಲಿನ ಮೇಲೆ ಹಾಸಿ, "ಕಾಲು ಎತ್ತಿ ಕುಂದ್ರು, ಎದ್ದ ಮ್ಯಾಲೆ ಸೀಮೆಸುಣ್ಣ ತಿಕ್ಕು, ಎರಡು ತಗ್ಗು ಕಾಣತಾವ" ಎಂದು ಹೇಳಿ, ತಾನು ಚಹಾ ಕುಡಿಯಲು ಹೊರಟುಹೋದ. ನಾನೇ ಬೆರಳಿಟ್ಟು ಅಳೆದೆ. ಎರಡು ತಗ್ಗುಗಳ ನಡುವಿನ ಅಂತರ ನನ್ನ ಸೀಟಿಗಿಂತ ಅಗಲವಾಗಿತ್ತು. ಅಂದರೆ ಅಷ್ಟು ದಿನ ನನ್ನ ಎಲುಬುಗಳು ಸೀಟಿನ ಅಂಚಿನಾಚೆ ಜೋತಾಡುತ್ತಿದ್ದವು. ಅದು ಯಾರೋ ಸಣಕಲು ಗಂಡಸಿನ ಸೀಟು, ಅಪ್ಪಾ.

ಮೊದಲು ತರಿಸಿದ ಸೀಟು ತೀರ ಅಗಲವಾಗಿ ತೊಡೆ ಕೆರೆಯಿತು. ಅದನ್ನು ವಾಪಸ್ ಕೊಟ್ಟು ಇನ್ನೊಂದು ತರಿಸಿದೆವು. ಅಗಲ ಹದವಾಗಿತ್ತು, ಮುಟ್ಟಿದರೆ ಗಟ್ಟಿ, ನಡುವೆ ಉದ್ದಕ್ಕೂ ಸೀಳು. ಇಷ್ಟು ಗಟ್ಟಿ ಇರುವುದರ ಮೇಲೆ ಕೂರುವುದು ಹೇಗೆ ಎಂದು ಹೆದರುತ್ತಲೇ ಕೂತೆ. ಬಸು ಹ್ಯಾಂಡಲ್ಲನ್ನು ಇಳಿಸುತ್ತ ಹೋದ. ಪ್ರತಿ ಸಲ ಎತ್ತರಿಸುವಾಗಲೂ ನೀನು ಹಳೆಯ ಮಟ್ಟಕ್ಕೆ ಅರದಿಂದ ಸಣ್ಣ ಗೀರು ಹಾಕಿದ್ದೆ. ಎಲ್ಲಕ್ಕಿಂತ ಕೆಳಗಿನ ಗೀರಿಗೆ, ಅಂದರೆ ನೀನು ಮೊದಲ ದಿನ ಇಟ್ಟಿದ್ದ ಜಾಗಕ್ಕೆ ಬಂದಾಗ ಮೊಣಕೈ, ಹೆಗಲು, ಬೆನ್ನು ಎಲ್ಲ ತಾವಾಗಿಯೇ ಸಡಿಲಾದವು. ಬಸು, "ಅಪ್ಪ ಕೂಡಿಸಿದ್ದ ಖರೇ ಇತ್ತಲ್ಲ" ಎಂದ. ಹೌದು ಅಪ್ಪಾ, ನಿನ್ನ ಕೈ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೂರು ತಿಂಗಳಾಯಿತು, ಒಂದು ಭಾನುವಾರವೂ ತಪ್ಪಿಸಿಲ್ಲ. ಸಕ್ಕರೆಯೂ ಇಳಿದಿದೆ.

ಮೊನ್ನೆ ಲಿಂಗಸುಗೂರಿನಿಂದ ಬಂದು ಕಟ್ಟೆಯ ಮೇಲೆ ಕೂತಾಗ ಅವ್ವ ಪುಂಡಿಪಲ್ಯ ಬಡಿಸುತ್ತ, "ಸೊಂಟ ಹೆಂಗೈತಿ?" ಎಂದಳು. ಇನ್ನು ಮುಚ್ಚಿಡುವುದೇನು ಎಂದುಕೊಂಡು ಎಲ್ಲ ಹೇಳಿಬಿಟ್ಟೆ. ಅವ್ವ ಬಡಿಸುವುದು ಬಿಟ್ಟು ಬಾಯಿಗೆ ಸೆರಗು ಹಿಡಿದಳು.

"ನಿಮ್ಮಪ್ಪಗ ಅನುಮಾನ ಇತ್ತವ್ವ. ಸೊಂಟ ಅಲ್ಲಿದು, ಸೀಟಿಂದ ಇರಬೇಕು, ನಾ ಹೆಂಗ ಕೇಳ್ಲಿ, ನೀ ಒಂದ ಮಾತ ಕೇಳು ಅಂದಿದ್ರು."

"ನೀ ಕೇಳಲೇ ಇಲ್ಲಲ್ಲವ್ವ?"

"ಬೆಳದ ಮಗಳಿಗೆ ಅದನ್ನ ಹೆಂಗ ಕೇಳೂದು? ಕೇಳೀನಿ, ಹಂಗೇನಿಲ್ಲ ಅಂದ್ಲು ಅಂತ ಅವರಿಗೆ ಹೇಳಿಬಿಟ್ಟೆ."

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮೊದಲು ನಕ್ಕಿದ್ದು ಅವ್ವನೇ. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು ಬಂತು, ಆಮೇಲೆ ಅದು ಅಳುವೇ ಆಯಿತು, ಅತ್ತ ಮೇಲೆ ಎದೆ ಹಗುರಾಯಿತು. ನಿನಗೆ ಗೊತ್ತಿತ್ತು. ನಿನ್ನ ಕೈಯೂ ಸರಿಯಿತ್ತು, ನಿನ್ನ ಅನುಮಾನವೂ ಸರಿಯಿತ್ತು. ಇದರ ಸುಳಿವಿದ್ದವರು ಮನೆಯಲ್ಲಿ ಮೂರು ಜನ ಇದ್ದೆವು, ಒಬ್ಬರಾದರೂ ಬಾಯಿ ಬಿಡಬೇಕಿತ್ತು. ತಡವಾಗಿ ಹೇಳುತ್ತಿದ್ದೇನೆ, ಕೇಳಿಸಿಕೋ.

ಸೊಂಟ ಅಲ್ಲಪ್ಪಾ, ಕುಂಡಿ ನೋಯ್ತಿತ್ತು. ಈಗ ನೋಯಂಗಿಲ್ಲ.