ಸುಭದ್ರೆಯ ನಿದ್ದೆ

ಅಪ್ಪ,

ನೀನು ಸತ್ತು ಎರಡು ವರ್ಷವಾದರೂ ನಿನ್ನ ಕಥೆ ಸತ್ತಿಲ್ಲ. ಇವತ್ತು ಹರಿಹರದಲ್ಲಿ ನನ್ನ ನಾದಿನಿಯ ಸೀಮಂತವಿತ್ತು. ಅವಳ ಮಾವ ಗೋಣೆಪ್ಪ, ನಿನ್ನ ಹಾಗೆಯೇ ಹೆಗಲಿಗೆ ಶಾಲು ಏರಿಸಿಕೊಂಡು, ಬಸುರಿಗೆ ನೀತಿ ಹೇಳಿದರು: "ನೋಡವ್ವ, ಚಕ್ರವ್ಯೂಹದ ಕಥೆ ಕೇಳ್ತಾ ಕೇಳ್ತಾ ಸುಭದ್ರೆ ನಿದ್ದೆ ಹೋದ್ಲು. ಹೊಟ್ಟೇಲಿದ್ದ ಅಭಿಮನ್ಯುಗೆ ಒಳಗೆ ಹೋಗೋದು ಗೊತ್ತಾತು, ಹೊರಗೆ ಬರೋದು ಗೊತ್ತಾಗ್ಲಿಲ್ಲ. ತಾಯಿ ಮಲಗಿದ್ದಕ್ಕೆ ಮಗ ಸತ್ತ."

ಆರು ತಿಂಗಳಿಂದ ನನ್ನ ಹಸುಗೂಸಿನ ಉಸಿರು ನೋಡುತ್ತ ನಿದ್ದೆಗೆಟ್ಟ ನನಗೆ ತಡೆಯಲಾಗಲಿಲ್ಲ. "ಯಾಕ್ರೀ ಮಾವ, ಆ ಹುಡುಗ ಬೆಳೆದಿದ್ದೇ ಸೋದರಮಾವ ಕೃಷ್ಣನ ಮನೇಲಿ. ಅಷ್ಟು ವರ್ಷದಲ್ಲಿ ಉಳಿದರ್ಧ ಹೇಳೋಕೆ ಆ ಮಹಾನುಭಾವಗೆ ಪುರುಸೊತ್ತು ಸಿಗಲಿಲ್ಲೇನ್ರಿ?" ಅಂದೆ.

ಪಕ್ಕದಲ್ಲಿದ್ದ ದುರುಗಮ್ಮಜ್ಜಿ, "ಯುದ್ಧದ ನಡುವೆ ಗೀತೆ ಹೇಳೋಕೆ ಮಾತ್ರ ಪುರುಸೊತ್ತಿತ್ತು ಬಿಡವ್ವ!" ಅಂದಳು. ಹೆಂಗಸರೆಲ್ಲ ನಕ್ಕರು. ಗೋಣೆಪ್ಪನವರು ಊಟಕ್ಕೆ ಎದ್ದರು.

ಭದ್ರಾ ಕಾಲುವೆಗೆ ಬಿದ್ದು ನನ್ನ ಪುಟ್ಟ ತಮ್ಮ ತೀರಿಹೋದಾಗ ನೀನು ಅವ್ವನಿಗೆ ಹೇಳಿದ್ದೂ ಇದೇ ಕಥೆ. ಆಮೇಲೆ ವರ್ಷಗಟ್ಟಲೆ ಹೇಳಿದೆ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದ್ದು ಅವಳ ಪಾಪ. ಅದೇ ಹೊತ್ತಿನಲ್ಲಿ ನಮ್ಮೂರು ಆವರಗೆರೆಯ ಕಟ್ಟೆಯ ಮೇಲೆ ಕೂತು ನಾಲ್ಕು ಜನಕ್ಕೆ ಪುರಾಣ ಬಿಡಿಸುತ್ತಿದ್ದ ನಿನ್ನದು ಪುಣ್ಯ. ಎಂಥ ಪಂಡಿತನೋ ನೀನು!

ಆವತ್ತು ಅವ್ವ ಮಲಗಿದ್ದು ನಿಜ. ಒಂಬತ್ತು ವರ್ಷದ ನಾನು ಎಚ್ಚರವಾಗಿದ್ದೆ. ತಮ್ಮ ಒಬ್ಬನೇ ಹೊಸ್ತಿಲು ದಾಟಿದ್ದನ್ನು ನೋಡಿ, ಮತ್ತೆ ಪುಸ್ತಕ ಓದುತ್ತ ಕೂತೆ. ನೀನು ಅವ್ವನಿಗೆ ಆ ಕಥೆ ಹೇಳಿದಾಗಲೆಲ್ಲ ನಾನು ಅವಳ ಪಕ್ಕದಲ್ಲೇ ಇದ್ದೆ, ಬಾಯಿ ಮುಚ್ಚಿಕೊಂಡು.