ಭಿಶಿಯ ಪಾಳಿ

ಜುಲೈ 5, ಶುಕ್ರವಾರ. ಮಧ್ಯಾಹ್ನ

ರೊಟ್ಟಿ ಬಡಿದು ಮುಗಿಯಿತು. ಮಳೆಗೆ ಹಿಟ್ಟು ಥಂಡಿ ಹಿಡಿದಿದೆ, ತಟ್ಟುವಾಗ ಅಂಚು ಸೀಳುತ್ತದೆ. ಗಿರಾಕಿಗಳು ಕೈ ಕೆಟ್ಟಿತು ಅನ್ನುತ್ತಾರೆ. ಅನ್ನಲಿ.

ಸಾವಿತ್ರಿಬಾಯಿ ಬಂದು ಹೋದರು. ಈ ಸಲ ತಡ. ಅವರೂರು ಸಾಸವಡದಲ್ಲಿ ಯಾತ್ರೆಯ ಪಾಲಖಿ ಇಳಿದಿತ್ತು, ಮನೆ ತುಂಬ ವಾರಕರಿಗಳು, ಬಡಿಸಿ ಬಡಿಸಿ ಸೊಂಟ ಬಿದ್ದುಹೋಯಿತಂತೆ. ಒಂದು ಪುಟ್ಟಿ ಅಂಜೂರ ತಂದಿದ್ದರು. ನಮ್ಮ ಯಜಮಾನರು, ಇವರಿಗೆ ತಿನ್ನುವ ಹಾಗಿಲ್ಲ, ಆದರೂ ತರುತ್ತಾರೆ. ಚಹಾ ಕುಡಿದು, ನಾನು ಕೊಟ್ಟ ಲಕೋಟೆಯನ್ನು ಎಣಿಸದೆ ಪರ್ಸಿಗೆ ಹಾಕಿಕೊಂಡರು. ಇವರ ಎದುರಿಗೆ ಎಣಿಸುವುದಿಲ್ಲ. ಅಷ್ಟು ಒಳ್ಳೆಯತನ ಇದೆ.

ಅವರು ಮೆಟ್ಟಿಲಿಳಿದ ಮೇಲೆ ಇವರು ಕಾಟಿನಿಂದಲೇ ಕೇಳಿದರು: "ದೀಪಾವಳಿಯಿಂದ ಭಿಶಿ ತುಂಬಲಿಕ್ಕತ್ತಿ. ನಿನ್ನ ಪಾಳಿ ಯಾವಾಗ ಬರತದ?"

ಭಿಶಿ ಅಂದರೆ ಹೆಂಗಸರೆಲ್ಲ ತಿಂಗಳಿಗೊಮ್ಮೆ ದುಡ್ಡು ಕೂಡಿಸಿ ಚೀಟಿ ಎತ್ತುವುದು. ಯಾರ ಚೀಟಿ ಬಂತೋ ಅವಳಿಗೆ ಆ ತಿಂಗಳ ಗಂಟು. ಸಾವಿತ್ರಿಬಾಯಿಗೂ ಭಿಶಿಗೂ ಯಾವ ಸಂಬಂಧವೂ ಇಲ್ಲ. ನಾನು ಕೊಡುವುದು ಬಾಡಿಗೆ. ಈ ಮನೆ ಈಗ ಅವರದು. ಹೋದ ದೀಪಾವಳಿಗೆ ಮುಂಚೆ ಮಾರಿದೆ. ಇವರಿಗೆ ಗೊತ್ತಿಲ್ಲ, ಭಿಶಿಯ ದುಡ್ಡು ಅಂತ ಹೇಳಿದ್ದೇನೆ.

ಬರತದ ರೀ, ಬರತದ ಅಂದೆ.

ಜುಲೈ 16, ಮಂಗಳವಾರ. ಡಯಾಲಿಸಿಸ್ ಸೆಂಟರ್

ಇವರು ಒಳಗೆ ಮಶೀನಿನ ಮೇಲೆ. ನಾನು ಹೊರಗೆ ಬೆಂಚಿನ ಮೇಲೆ. ಮಂಗಳ, ಗುರು, ಶನಿ ಇದೇ ನಮ್ಮ ವಾರ. ನಾನು ಬರೆಯುವ ಈ ವಹಿ ರೊಟ್ಟಿಯ ಚೀಲದಲ್ಲಿರುತ್ತದೆ. ಆ ಚೀಲಕ್ಕೆ ಇವರು ಕೈ ಹಾಕುವುದಿಲ್ಲ.

ಕಿಡ್ನಿ ಬದಲಿಸಲು ಮನೆಯ ಮೇಲೆ ಸಾಲ ಎತ್ತಿದೆವು. ಬದಲಿಸಿದ ಕಿಡ್ನಿ ವರ್ಷವೂ ಬಾಳಲಿಲ್ಲ. ಸಾಲ ಬಾಳಿತು. ಕೊನೆಗೆ ಬ್ಯಾಂಕಿನವರು ಮನೆ ಹರಾಜು ಹಾಕುವ ಲಿಲಾವಿನ ನೋಟೀಸು ಕಳಿಸಿದರು. ಆಗ ಇವರು ಆಸ್ಪತ್ರೆಯಲ್ಲಿ, ಅರ್ಧ ಪ್ರಜ್ಞೆ. ಮನೆ ನನ್ನ ಹೆಸರಲ್ಲಿತ್ತು, ಸಹಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾವಿತ್ರಿಬಾಯಿ ಕೊಂಡರು, ಸಾಲ ತೀರಿತು, ಬಾಡಿಗೆಗೆ ಇಲ್ಲೇ ಇರಿ ಅಂದರು. ಮಾರದಿದ್ದರೆ ಇವರನ್ನು ಆಸ್ಪತ್ರೆಯಿಂದ ಎಲ್ಲಿಗೆ ತರುತ್ತಿದ್ದೆ?

ಹೇಳದಿರಲು ಕಾರಣ ಇವರ ಅಪ್ಪ. ಬೆಳಗಾವಿಯಲ್ಲಿ ಬಾಡಿಗೆ ಮನೆ. ಮಾವನವರಿಗೆ ಕೊನೆಯ ಘಳಿಗೆ ಬಂದಾಗ ಪಂಚಕ ನಡೆದಿತ್ತು. ಆ ನಕ್ಷತ್ರದಲ್ಲಿ ಸತ್ತರೆ ಮನೆ ತಿಂಗಳುಗಟ್ಟಲೆ ಮುಚ್ಚಬೇಕಾಗುತ್ತದೆಂದು ಮಾಲೀಕರು ಬಂದು ಕೈಮುಗಿದರಂತೆ. ಉಸಿರಿರುವಾಗಲೇ ಹಾಸಿಗೆ ಸಮೇತ ಎತ್ತಿ ಹೊರಗೆ ಕಟ್ಟೆಯ ಮೇಲೆ ಮಲಗಿಸಿದರು. ತುಂತುರು ಮಳೆ. ಇವರು ಕೊಡೆ ಹಿಡಿದು ನಿಂತಿದ್ದರಂತೆ. ಬಾಡಿಗೆ ಮನೆಯಲ್ಲಿ ಕಣ್ಣು ಮುಚ್ಚುವುದಿಲ್ಲ ಅಂತ ಅಂದೇ ಆಣೆ ಮಾಡಿದ ಮನುಷ್ಯ. ಭೋಸರಿಯ ಕಾರಖಾನೆಯಲ್ಲಿ ಓವರ್‌ಟೈಮ್ ಮಾಡಿ ಮಾಡಿ ಈ ಎರಡು ಕೋಣೆ ಕೊಂಡರು. ಬಾಗಿಲ ಮೇಲಿನ ಹೆಸರಿನ ಹಿತ್ತಾಳೆ ಫಲಕ ತಾವೇ ಟೂಲ್‌ರೂಮಿನಲ್ಲಿ ಕೊರೆದದ್ದು.

ಇಂಥವರಿಗೆ ಹೇಗೆ ಹೇಳಲಿ. ಮಕ್ಕಳಿದ್ದಿದ್ದರೆ ಅವರ ಕೈಲಿ ಹೇಳಿಸುತ್ತಿದ್ದೆ.

ರೊಟ್ಟಿಯ ಗಿರಾಕಿ ಸಿಂಧೂರ ಒಂದು ನಂಬರು ಕೊಟ್ಟಿದ್ದಾಳೆ. ಕನ್ನಡದವರದೇ ಸಹಾಯನಿಧಿ, ಸ್ವಂತ ಮನೆಯಿಲ್ಲದ ರೋಗಿಗಳಿಗೆ ಬಾಡಿಗೆಯ ಪಾಲು ಕೊಡುತ್ತಾರಂತೆ. "ಆಂಟಿ, ಕೇಳೋದ್ರಲ್ಲಿ ಏನಿದೆ?" ಅಂದಳು. ಅವಳಿಗೇನು. ಕೇಳುವುದರಲ್ಲೇ ಎಲ್ಲ ಇದೆ. ಆದರೂ ಕೇಳಬೇಕು. ರೊಟ್ಟಿಯಿಂದ ಬಾಡಿಗೆಯೂ ಔಷಧಿಯೂ ಎರಡೂ ಗಿಟ್ಟುತ್ತಿಲ್ಲ.

ಆಗಸ್ಟ್ 8, ಗುರುವಾರ

ನಿಧಿಯ ಕಾರ್ಯದರ್ಶಿ ಅನಂತರಾಮು ಅವರ ಫೋನು. ಮೈಸೂರು ಕಡೆಯವರಿರಬೇಕು, ಮೆತ್ತಗೆ ಮಾತು. ಮಾರಿದ ಮನೆಯಲ್ಲೇ ಬಾಡಿಗೆಗಿದ್ದೇವೆ ಅಂದರೆ ಕಮಿಟಿಗೆ ಸಂಶಯ ಬರುತ್ತದಂತೆ. ಹಿಂದೊಬ್ಬರು ಭಾವಮೈದುನನಿಗೆ ಮಾರಿದ ಹಾಗೆ ಮಾಡಿ ಸಹಾಯ ತಿಂದರಂತೆ. ಮಾರದೆ ಗತಿಯಿರಲಿಲ್ಲ ಅಂತ ತೋರಿಸಬೇಕು. ಅರ್ಜಿಯ ಜೊತೆ ಕಳಿಸಿದ್ದ ಬ್ಯಾಂಕಿನ ನೋಟೀಸು ನೋಡಿ ಅದು ಸಾಕು ಅಂದರು. ಇನ್ನು ಉಳಿದದ್ದು ಮನೆ ಭೇಟಿ.

ಇವರ ಎದುರಿಗೆ ಬಾಡಿಗೆಯ ಮಾತು ಎತ್ತಬೇಡಿ ಅಂತ ಬೇಡಿಕೊಂಡೆ.

"ಸಹಾಯ ಅವರ ಹೆಸರಲ್ಲೇ ತಾನೇ ಬರೋದು ಅಮ್ಮ? ಅವರಿಗೆ ಹೇಳಿಬಿಡೋದು ಒಳ್ಳೇದು. ನಾನಾಗಿ ಏನೂ ಕೇಳಲ್ಲ."

ಆಗಸ್ಟ್ 20, ಮಂಗಳವಾರ

ಹೇಳಬೇಕೆಂದೇ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಇವರು ಬಣ್ಣದ ಕಾರ್ಡು ತೆಗೆದರು. ಭಿಶಿಯ ಗಂಟು ಬಂದ ಕೂಡಲೇ ಮನೆಗೆ ಬಣ್ಣ ಹೊಡೆಸಬೇಕಂತೆ. ಒಳಕೋಣೆಗೆ ತಿಳಿಹಳದಿ. ಹಾಲ್‌ಗೆ ಯಾವುದು, ನೀನೇ ಹೇಳು ಅಂದರು.

ಬಿಳಿ ಅಂದೆ. ಎದ್ದು ಹೋಗಿ ಕುಕ್ಕರ್ ಇಟ್ಟೆ. ಇಡುವ ಹೊತ್ತಾಗಿರಲಿಲ್ಲ.

ಆಗಸ್ಟ್ 25, ರವಿವಾರ

ಬಂದು ಹೋದರು. ಏನು ಬರೆಯಲಿ...

ಅನಂತರಾಮು ಮಾತು ಉಳಿಸಿಕೊಂಡರು. ತಾವಾಗಿ ಏನೂ ಕೇಳಲಿಲ್ಲ. ಜೊತೆಗೆ ಕಮಿಟಿಯ ಕೇದಾರ ಎಂಬುವರು, ಕೈಯಲ್ಲಿ ರಸೀದಿ ಹರಿಯುವ ಪಾವತಿ ಪುಸ್ತಕ. ಗಣಪತಿ ಹತ್ತಿರ ಬಂದಾಗ ಈ ಊರಲ್ಲಿ ಪಾವತಿ ಪುಸ್ತಕ ಹಿಡಿದು ಬಾಗಿಲಿಗೆ ಬಂದವರು ಚಂದಾ ಎತ್ತಲು, ವರ್ಗಣಿಗೇ ಬಂದಿರುತ್ತಾರೆ. ಇವರೂ ಹಾಗೇ ತಿಳಿದರು. ನಾನು ತಿದ್ದಲಿಲ್ಲ. ವರ್ಗಣಿಯವರಾದರೆ ಬೇಗ ಎದ್ದು ಹೋಗುತ್ತಾರೆ ಅಂತ ನನ್ನ ಬುದ್ಧಿ.

ಮನೆಗೆ ಕನ್ನಡದವರು ಬಂದದ್ದು ಎಷ್ಟು ದಿನದ ಮೇಲೋ. ಇವರಿಗೆ ಹಬ್ಬ. ವಾಕರ್ ಹಿಡಿದು ಎರಡೂ ಕೋಣೆ ತೋರಿಸಿದರು. ಗೋಡೆಯ ಈ ಮಾಡ ನಾನೇ ಕೂಡಿಸಿದ್ದು, ಈ ಚಿಲಕ ನಾನೇ ಮಾಡಿದ್ದು. ಮಾವನವರ ಕಥೆಯೂ ಬಂತು, ಕಟ್ಟೆ, ಮಳೆ, ಕೊಡೆ, ಎಲ್ಲ. ಕೇದಾರ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲ ಫಲಕವನ್ನು ನೋಡಿದರು. ಕೊನೆಗೆ ಇವರೇ ಕೇಳಿದರು, ಈ ವರ್ಗಣಿ ಯಾತಕ್ಕೆ ಅಂತ. ಅನಂತರಾಮು ತಡವರಿಸಿ, ಮನೆಯಿಲ್ಲದ ರೋಗಿಗಳಿಗೆ ಅಂದರು.

"ಭಾಮಾ, ದೇವರ ಮುಂದಿನ ಡಬ್ಬಿ ತಾ," ಅಂದರು ಇವರು. "ನಮಗ ದೇವರು ಸ್ವಂತ ಮನಿ ಕೊಟ್ಟಾನ. ಇಲ್ಲದವರಿಗೆ ಮುಟ್ಟಲಿ."

ಆ ಡಬ್ಬಿಯಲ್ಲಿದ್ದದ್ದು ಬರುವ ತಿಂಗಳ ಬಾಡಿಗೆ. ಅದರೊಳಗಿನಿಂದ ಐದುನೂರಾ ಒಂದು ಎಣಿಸಿ ಕೊಟ್ಟರು. ಕೇದಾರ ಪಾವತಿ ಹರಿದರು. ದಾನಿಗಳ ಹೆಸರು: ದಿಗಂಬರ ಹಂಪಿಹೊಳಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅವ್ವ ಅನ್ನುತ್ತಿದ್ದಳು. ಆದರೆ ಈ ಮಲ್ಲಿಗೆ ಇವರು ಮುಡಿದದ್ದಲ್ಲ, ನಾನು ಮುಡಿಸಿದ್ದು. ಇವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ದಾರಿಯಿಲ್ಲ.

ಸೆಪ್ಟೆಂಬರ್ 3, ಮಂಗಳವಾರ. ಸೆಂಟರ್

ಅರ್ಜಿ ತಡೆಹಿಡಿದಿದ್ದಾರೆ. ರೋಗಿ ಸ್ವಂತ ಮನೆ ಅನ್ನುತ್ತಾರೆ, ನಿಧಿಗೆ ದಾನವನ್ನೂ ಕೊಟ್ಟಿದ್ದಾರೆ ಅಂತ ಕೇದಾರ ಬರೆದಿದ್ದಾರೆ. ತಪ್ಪೇನು, ಕಂಡದ್ದನ್ನು ಬರೆದಿದ್ದಾರೆ. ಬಾಡಿಗೆಗಿದ್ದೇನೆ ಅಂತ ಇವರೇ ಸಹಿ ಮಾಡಿ ಕೊಟ್ಟರೆ ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ ಅಂದರು ಅನಂತರಾಮು.

ಈ ತಿಂಗಳ ಬಾಡಿಗೆ ಕೊಟ್ಟಿಲ್ಲ. ಗಣಪತಿ ಆದ ಮೇಲೆ ಕೊಡುತ್ತೇನೆ ಅಂದೆ. ಸಾವಿತ್ರಿಬಾಯಿ ಹೂಂ ಅಂದರು. ಹೂಂ ಮೊದಲಿಗಿಂತ ಸಣ್ಣದಿತ್ತು.

ಸೆಪ್ಟೆಂಬರ್ 4

ಹೇಳಲಿಲ್ಲ.

ಸೆಪ್ಟೆಂಬರ್ 6

ಇವತ್ತೂ ಇಲ್ಲ. ನಾಳೆ ಹಬ್ಬ. ಹಬ್ಬ ಮುಗಿಯಲಿ.

ಸೆಪ್ಟೆಂಬರ್ 9, ಸೋಮವಾರ

ಹೇಳಿದೆ.

ಮತ್ತೆ ಬಣ್ಣದ ಕಾರ್ಡು ತೆಗೆದಿದ್ದರು. ಭಿಶಿ ಇಲ್ಲ ರೀ, ಅದು ಬಾಡಿಗಿ ಅಂದುಬಿಟ್ಟೆ. ಚೇಷ್ಟೆ ಅಂತ ನಕ್ಕರು. ಆಮೇಲೆ ನನ್ನ ಮುಖ ನೋಡಿದರು.

"ಯಾವ ಮನಿ ಬಾಡಿಗಿ?"

"ಇದರದ."

ಹೊದಿಕೆಯ ಎಳೆಯೊಂದನ್ನು ಕೀಳುತ್ತ ಕೂತರು. ನಾನು ಆಸ್ಪತ್ರೆಯಲ್ಲಿದ್ದಾಗಲೇ ಮಾರಿದೆಯಾ ಅಂತ ಕೇಳಿದರು. ಹೌದು ಅಂದೆ. ನೋಟೀಸು ಕೊಟ್ಟೆ. ಚಸ್ಮಾ ಹಾಕಿಕೊಂಡು ಪೂರ್ತಿ ಓದಿ ಮಡಚಿ ವಾಪಸ್ ಕೊಟ್ಟರು. "ನೀ ಮತ್ತೇನ ಮಾಡಬೇಕಿತ್ತು," ಅಂದರು. ಅಷ್ಟೇ. ಬೈಯಲಿಲ್ಲ. ಮೂವತ್ತು ವರ್ಷ ಸಾರಿಗೆ ಉಪ್ಪು ಹೆಚ್ಚಾದರೆ ಬೈದ ಮನುಷ್ಯ ಇದಕ್ಕೆ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಿಧಿಗೆ ಕೊಡುವ ಹಾಳೆಗೆ ಸಹಿ ಮಾಡಿದರು. ಆ ಐದುನೂರಾ ಒಂದು ಮಾತ್ರ ವಾಪಸ್ ಕೇಳಬೇಡ ಅಂದರು.

ಬಣ್ಣದ ಕಾರ್ಡು ಕಸದ ಬುಟ್ಟಿಯಲ್ಲಿ ಸಿಕ್ಕಿತು. ತೆಗೆದು ಇಟ್ಟುಕೊಂಡಿದ್ದೇನೆ. ಯಾತಕ್ಕೋ.

ಸೆಪ್ಟೆಂಬರ್ 22, ರವಿವಾರ

ಬರೆಯಲು ಆಗಿರಲಿಲ್ಲ.

ರೊಟ್ಟಿ ಕೊಟ್ಟು ಬಂದರೆ ಬಾಗಿಲ ಮೇಲೆ ಫಲಕವಿಲ್ಲ. ವಾಕರಿಗೆ ಒರಗಿ ನಿಂತು ತಾವೇ ಸ್ಕ್ರೂ ಬಿಚ್ಚಿದ್ದಾರೆ. ಹಳೆಯ ಬನಿಯನ್ನಿನಲ್ಲಿ ಸುತ್ತಿ ಕಾಟಿನ ಕೆಳಗೆ ಇಟ್ಟಿದ್ದಾರೆ. ಬಾಗಿಲಲ್ಲಿ ನಾಲ್ಕು ತೂತು. ಅದಕ್ಕೆ ಸಾಬೂನು ಮೆತ್ತಿದ್ದಾರೆ, ಮಾಲೀಕರಿಗೆ ಕಾಣಬಾರದಂತೆ.

ಕ್ಯಾಲೆಂಡರ್ ಬಿತ್ತು. ಮೊಳೆ ಹೊಡೆಯಲು ಹೋದೆ, ಮಾಲೀಕರನ್ನು ಕೇಳಿ ಹೊಡಿ ಅಂದರು.

ಸಾವಿತ್ರಿಬಾಯಿ ಬಂದಾಗ ಎದ್ದು ನಿಂತರು. ನರ್ಸು ಹೇಳಿದರೂ ಏಳದವರು ಎದ್ದು ನಿಂತು, ತಮ್ಮ ಕುರ್ಚಿ ತೋರಿಸಿ, "ಬಸಾ ಮಾಲಕೀಣಬಾಯಿ", ಕೂಡ್ರಿ ಮಾಲೀಕರೇ, ಅಂದರು. ಅವರು ಕೂರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕಡೆ ನೋಡಿದರು. ಬಾಡಿಗೆ ಇಸಿದುಕೊಂಡು ಹೋದರು. ಈ ಸಲ ಎಣಿಸಿದರು. ಇನ್ನು ಮುಚ್ಚುಮರೆ ಯಾತಕ್ಕೆ ಅನಿಸಿರಬೇಕು. ಪಾಪ, ಅವರ ತಪ್ಪೇನೂ ಇಲ್ಲ. ಆದರೂ ಇವತ್ತು ಅವರು ಕಣ್ಣಿಗೆ ಬೇಡವಾದರು.

ಅಕ್ಟೋಬರ್ 8, ಮಂಗಳವಾರ

ನಡುವೆಯೇ ಮಶೀನು ನಿಲ್ಲಿಸಿದರು. ಬಿ.ಪಿ. ಇಳಿದು ಇವರಿಗೆ ಎಚ್ಚರ ತಪ್ಪಿತು. ಹೃದಯ ಇನ್ನು ತಡೆಯುವುದಿಲ್ಲ ಅಂದರು ಡಾಕ್ಟರು. ಎಷ್ಟು ದಿನ ಅಂದೆ. ಮನೆಗೆ ಕರೆದುಕೊಂಡು ಹೋಗಿ, ಅಲ್ಲೇ ಸಮಾಧಾನ ಇರುತ್ತದೆ ಅಂದರು.

ರಿಕ್ಷಾದಲ್ಲಿ ಇವರ ತಲೆ ನನ್ನ ಹೆಗಲ ಮೇಲೆ. ಎಲ್ಲಿಗೆ ಅಂತ ಕೇಳಿದರು. ಮನೆಗೆ ಅಂದೆ. ಯಾರ ಮನೆಗೆ ಅಂತ ಕೇಳಲಿಲ್ಲ, ನನಗೆ ಕೇಳಿಸಿತು.

ಅಕ್ಟೋಬರ್ 17, ಗುರುವಾರ. ಬೆಳಿಗ್ಗೆ

ಅನಂತರಾಮು ಫೋನು ಮಾಡಿದ್ದರು. ಮಂಜೂರಾಗಿದೆ. ಬರುವ ತಿಂಗಳಿಂದ. ಅವರ ದನಿಯಲ್ಲಿ ಖುಷಿಯಿತ್ತು. ನಾನು ಥ್ಯಾಂಕ್ಸ್ ಅಂದೆ, ಚೆನ್ನಾಗಿಯೇ ಅಂದೆ.

ಇವರ ಕಿವಿಯ ಹತ್ತಿರ ಹೋಗಿ ಹೇಳಿದೆ. ಕಣ್ಣು ತೆರೆದರು.

"ಅಂತೂ ಭಿಶಿ ಪಾಳಿ ಬಂತನ್ನು."

ನಕ್ಕರು. ಎಷ್ಟು ದಿನದ ಮೇಲೆ. ನನಗೂ ನಗು ಬಂತು, ಆಮೇಲೆ ನಿಲ್ಲಿಸಲು ಬರಲಿಲ್ಲ, ಅಡಿಗೆಮನೆಗೆ ಹೋಗಿ ಮುಖ ತೊಳೆದೆ.

ತಿರುಗಿ ಬಂದಾಗ ಕೇಳಿದರು: "ಮಾಲಕೀಣಬಾಯಿನ್ನ ಕೇಳಿದಿ ಏನು?"

"ಏನಂತ?"

ಹೊರಬಾಗಿಲಾಚೆಯ ಗ್ಯಾಲರಿಯ ಕಡೆ ನೋಡಿದರು. ತಿಳಿಯಿತು. ತಿಳಿಯದವಳಂತೆ ಹೊದಿಕೆ ಸರಿಮಾಡಿದೆ. ಕೈ ಹಿಡಿದುಕೊಂಡರು.

"ಕೇಳು ಭಾಮಾ. ಕೊನೀ ಘಳಿಗ್ಯಾಗ ಅವರು ಬಂದು ಕೈಮುಗಿಯೂದು ಬ್ಯಾಡ. ಮೊದಲೇ ಕೇಳು."

ಅದೇ ದಿನ, ಮಧ್ಯಾಹ್ನ

ಕೇಳಿದೆ. ಜಗತ್ತಿನಲ್ಲಿ ಯಾವ ಹೆಂಡತಿಯೂ ಕೇಳಬಾರದ್ದನ್ನು, ಇವರು ಇಲ್ಲೇ ಕಣ್ಣು ಮುಚ್ಚಬಹುದೇ ಅಂತ, ಫೋನಿನಲ್ಲಿ, ಮರಾಠಿಯಲ್ಲಿ ಕೇಳಿದೆ. ಸಾವಿತ್ರಿಬಾಯಿ ಅತ್ತರು. ಆಮೇಲೆ, ಮಗನ ಮದುವೆ ಮಾರ್ಗಶೀರ್ಷದಲ್ಲಿ, ಹೊಸ ಸೊಸೆಯನ್ನು ಈ ಮನೆಯಲ್ಲೇ ಇಳಿಸುವುದೆಂದು ಯೋಚಿಸಿದ್ದೆವು, ಅಂದರು. ಆಮೇಲೆ, "ಘರಾತ ವಿಚಾರೂನ ಸಾಂಗತೆ, ವಹಿನಿ." ಮನೆಯಲ್ಲಿ ಕೇಳಿ ಹೇಳುತ್ತಾರಂತೆ.

ಇಲ್ಲ ಅನ್ನಲಿಲ್ಲ ಎಂದು ಇವರಿಗೆ ಹೇಳಿದೆ. ಹೂಂ ಅನ್ನಲಿಲ್ಲ ಅಂತ ಇವರಿಗೆ ಗೊತ್ತಾಯಿತು.

"ಇಲ್ಲೇ ಇರ್ರಿ," ಅಂದೆ. "ಬಾಡಿಗಿ ಕೊಟ್ಟೀನಿ. ಪುಕ್ಕಟೆ ಇಲ್ಲ."

"ಕರಾರಿನ್ಯಾಗ ಏನಂತ ಬರದಾರ ನೋಡು."

ಕರಾರು ಪತ್ರ ತೆಗೆದು ಅಡಿಗೆಮನೆಯಲ್ಲಿ ಕೂತು ಓದಿದೆ. ನಾಯಿ ಸಾಕಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಒಳಬಾಡಿಗೆಗೆ ಕೊಡಬಾರದು. ನೀರಿನ ಬಿಲ್ಲು ಬಾಡಿಗೆದಾರರದು. ಸಾಯುವುದರ ಬಗ್ಗೆ ಏನೂ ಇಲ್ಲ. ಮತ್ತೊಮ್ಮೆ ಓದಿದೆ, ಹಿಂದೆ ಮುಂದೆ ಎರಡೂ ಬದಿ. ಎಲ್ಲೂ ಇಲ್ಲ. ಇಲ್ಲ ಅಂದರೆ ಬೇಡ ಅಂದ ಹಾಗಲ್ಲವಲ್ಲ. ಇವರಿಗೆ ಓದಿ ತೋರಿಸಬೇಕು, ಒಂದೊಂದೇ ಸಾಲು, ಬೆರಳಿಟ್ಟು

ಒಳಗೆ ವಾಕರಿನ ಸಪ್ಪಳ. ಯಾರು ಎಬ್ಬಿಸಿದರು ಇವರನ್ನು? ಹೊರಬಾಗಿಲ ಚಿಲಕ ತೆಗೆಯುತ್ತಿ