ಜಡ್ಜಪ್ಪನ ಕಲ್ಲಿನ ಮೇಲೆ ಅಜ್ಜಿಯ ತೀರ್ಪು

ಬಂಗಾರಪೇಟೆ, ಭಾನುವಾರ

ಪರಮಪೂಜ್ಯ ಅಜ್ಜಿಯವರ ಪಾದಕ್ಕೆ ಮೊಮ್ಮಗಳು ಲಿಖಿತ ಅಡ್ಡಬಿದ್ದು (ಕುರ್ಚಿಯಲ್ಲಿ ಕೂತೇ) ಅರಿಕೆ ಮಾಡುವುದೇನೆಂದರೆ, ನಿಮ್ಮ ಮುತ್ತಜ್ಜ ನಿಜವಾಗಿಯೂ ಜಡ್ಜ್ ಆಗಿದ್ದರು! ಕೋರ್ಟಿನಲ್ಲಿ ಹೆಸರು ಕೂಗುವ ಜವಾನನಾಗಿದ್ದ ಎಂದು ಹಬ್ಬಹಬ್ಬಕ್ಕೂ ನಿಮ್ಮನ್ನು ಅಣಕಿಸುವ ಚಿಕ್ಕಪ್ಪ ಸೋತರು.

ಉರಿಗಾಂ ಆಚೆಯ ಮುತ್ತಜ್ಜನ ಹಳ್ಳಿಯಲ್ಲಿ ಹೊಂಗೆಮರದ ಕೆಳಗೊಂದು ಚಪ್ಪಡಿ ಇದೆ. ಫೋಟೋಗೆಂದು ಗಂಭೀರವಾಗಿ ಕೂತೆ. ಪಾಪಕ್ಕ ಎಂಬ ಮುದುಕಿ ಮೇಕೆ ಎಳೆದುಕೊಂಡು ಓಡಿಬಂದರು. "ಅದು ಜಡ್ಜಪ್ಪನ ಕಲ್ಲು ಕಣಮ್ಮಾ! ಕುಂತೋರು ಒಂದು ನ್ಯಾಯ ತೀರ್ಸ್ದೆ ಮ್ಯಾಕ್ಕೇಳಂಗಿಲ್ಲ."

ಹಿಂದೆಯೇ ಅವರ ಪಕ್ಕದ ಮನೆಯ ಕುಪ್ಪುಸ್ವಾಮಿ ತಮಿಳು ಬೆರೆಸಿ ಕೂಗುತ್ತ ಬಂದರು. "ಪಾರಮ್ಮಾ, ನೀನೇ ನೋಡಮ್ಮಾ! ಈಯಮ್ಮನ ಮೇಕೆ ನನ್ ಕುಂಬಳಬಳ್ಳಿ ಪೂರಾ ತಿಂದ್ಬಿಡ್ತು!"

ನನಗೇನು ಗೊತ್ತು? ನಾವು ಮೊಮ್ಮಕ್ಕಳು ಕಿತ್ತಾಡಿದಾಗ ನೀವು ಕೊಡುವ ಶಿಕ್ಷೆಯನ್ನೇ ಕೊಟ್ಟೆ: "ಇಬ್ಬರೂ ಒಂದೇ ಬಕೆಟ್ ಹಿಡಿದು, ಬಳ್ಳಿ ಚಿಗುರುವ ತನಕ ನೀರು ಹಾಕಿ."

ಪಾಪಕ್ಕ ಮೇಕೆಯ ಹಗ್ಗ ಬಿಟ್ಟು ಹತ್ತಿರ ಬಂದರು. "ಅಯ್ಯೋ, ಜಡ್ಜಪ್ಪನೂ ಇಂಗೇ ಮಾಡ್ತಿದ್ರಂತೆ, ನಮ್ಮವ್ವ ಏಳ್ತಿದ್ಲು! ಜಗಳ ಆಡ್ದೋರಿಬ್ರೂ ಒಂದೇ ಕೊಡ ಇಡ್ಕೊಂಡು ನೀರು ತರ್ಬೇಕು. ನೀನು ಯಾರ ಮನೆ ಮಗಳವ್ವಾ?"

ನಿಮ್ಮ ಹೆಸರು, ಮುತ್ತಜ್ಜನ ಹೆಸರು ಎರಡೂ ಹೇಳಿದೆ. "ಅಂಗಾದ್ರೆ ನೀನು ಜಡ್ಜಪ್ಪನ ಮನೆ ಮಗಳೇ!" ಎಂದರು ಅಜ್ಜೀ, ಪಾಪಕ್ಕ.

ಹೊಟ್ಟೆ ಸರಿಯಾಗಿದೆ, ಮೂಗು ಮಾತ್ರ ಬಿಸಿಲಿಗೆ ಸುಲಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಕಲ್ಲಿನಿಂದ ಏಳುವ ಮೊದಲು ನಿಮ್ಮ ಮತ್ತು ಚಿಕ್ಕಪ್ಪನ ಜಗಳಕ್ಕೂ ತೀರ್ಪು ಕೊಟ್ಟಿದ್ದೇನೆ: ಬಕೆಟ್ಟಿನ ಒಂದು ಕಡೆ ಅವರು, ಇನ್ನೊಂದು ಕಡೆ ನೀವು. ಮೇಲ್ಮನವಿಗೆ ಅವಕಾಶವಿಲ್ಲ.

ಲಿಖಿತ